ಕೈ ತೊಳೆದರೂ ಸೋಂಕು ಯಾಕೆ ಹರಡುತ್ತದೆ? ವಾರ್ಡ್‌ನಲ್ಲಿ ಕೈ ಶುಚಿಯ ಸರಿಯಾದ ಕ್ರಮ

ಯಾವ ವಾರ್ಡ್‌ಗೆ ಹೋಗಿ "ಕೈ ತೊಳೆಯುತ್ತೀರಾ?" ಎಂದು ಕೇಳಿದರೂ ಎಲ್ಲರೂ ಹೌದು ಅನ್ನುತ್ತಾರೆ. ಸುಳ್ಳಲ್ಲ, ತೊಳೆಯುತ್ತಾರೆ. ಆದರೆ ಒಂದು ಮೂಲೆಯಲ್ಲಿ ನಿಂತು ಇಪ್ಪತ್ತು ನಿಮಿಷ ನೋಡಿ. ಸಿಸ್ಟರ್ ಬಾಗಿಲಲ್ಲೇ ಹ್ಯಾಂಡ್‌ರಬ್ (ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರವ) ಹಚ್ಚಿಕೊಂಡು ಒಳಗೆ ಬರುತ್ತಾರೆ. ಪರದೆ ಎಳೆಯುತ್ತಾರೆ. ಜಾರಿದ ಮಾಸ್ಕ್ ಮೇಲೆತ್ತಿಕೊಳ್ಳುತ್ತಾರೆ. ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತದೆ, ಕಟ್ ಮಾಡುತ್ತಾರೆ. ಟ್ರಾಲಿ ಎಳೆದುಕೊಳ್ಳುತ್ತಾರೆ. ಆಮೇಲೆ ರೋಗಿಯ ಕ್ಯಾನುಲಾದ (ಡ್ರಿಪ್, ಇಂಜೆಕ್ಷನ್ ಕೊಡಲು ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಮುಚ್ಚಳ ತೆಗೆದು ಇಂಜೆಕ್ಷನ್ ಕೊಡುತ್ತಾರೆ. ಕೈ ಶುಚಿ ಮಾಡಿಕೊಂಡಿದ್ದು ನಿಜ. ಆದರೆ ಆ ಶುಚಿಯಾದ ಕೈ ರೋಗಿಯವರೆಗೆ ತಲುಪಲೇ ಇಲ್ಲ.

ಸೋಂಕು ನಿಯಂತ್ರಣದ ತರಬೇತಿ ಕೊಡುವಾಗ ನಾನು ಮತ್ತೆ ಮತ್ತೆ ನೋಡುವ ತಪ್ಪು ಇದೇ. ಉಜ್ಜುವುದು ಹೇಗೆ ಅಂತ ಹೆಚ್ಚಿನವರಿಗೆ ಗೊತ್ತು, ಗೋಡೆಯ ಮೇಲೆ ಚಿತ್ರವೂ ಇರುತ್ತದೆ. ಎಡವುವುದು ಕ್ರಮದಲ್ಲಿ. ಅದಕ್ಕೇ ಈ ಬರಹದ ಉದ್ದಕ್ಕೂ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ರೋಗಿಯನ್ನು ಮುಟ್ಟುವ ಮುಂಚೆ ನನ್ನ ಕೈ ಕೊನೆಗೆ ಮುಟ್ಟಿದ್ದು ಏನನ್ನು? ಉತ್ತರ ಸೋಪು ಅಥವಾ ಹ್ಯಾಂಡ್‌ರಬ್ ಆಗಿರಬೇಕು. ಬೇರೆ ಏನೇ ಆದರೂ ಮತ್ತೆ ಉಜ್ಜಬೇಕು.

ಇದು ಸಣ್ಣ ವಿಷಯವಲ್ಲ. ಭಾರತದಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆಗೆ ದಾಖಲಾದ 100 ರೋಗಿಗಳಲ್ಲಿ ಸುಮಾರು 15 ಮಂದಿಗೆ ಆಸ್ಪತ್ರೆಯಲ್ಲೇ ಒಂದಾದರೂ ಸೋಂಕು ಅಂಟುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತದೆ. ವಾಸಿಯಾಗಲು ಬಂದವರು ಅವರು.

## ಹಂತ 1: ಡ್ಯೂಟಿಗೆ ಮುಂಚೆ ಕೈ ಖಾಲಿ ಮಾಡಿ

ಮನೆಯಿಂದ ಹೊರಡುವಾಗಲೇ ಉಂಗುರ, ವಾಚು, ಬಳೆ ತೆಗೆದಿಡಿ. ಉಂಗುರದ ಕೆಳಗಿನ ಚರ್ಮಕ್ಕೆ ಸೋಪಾಗಲಿ ಹ್ಯಾಂಡ್‌ರಬ್ಬಾಗಲಿ ಸರಿಯಾಗಿ ತಾಗುವುದಿಲ್ಲ. ಅಲ್ಲಿ ಕೀಟಾಣು ಜಾಸ್ತಿ ಉಳಿಯುತ್ತವೆ.

ಮಣಿಕಟ್ಟಿಗೆ ಕಟ್ಟಿದ ಕಾಶಿ ದಾರ, ದೇವಸ್ಥಾನದ ಕೆಂಪು ದಾರದ ವಿಷಯ ಹೇಳಲು ಹಲವರಿಗೆ ಸಂಕೋಚ. ನಾನು ನೇರವಾಗಿಯೇ ಹೇಳುತ್ತೇನೆ. ಒದ್ದೆಯಾದ ದಾರ ದಿನವಿಡೀ ಒದ್ದೆಯಾಗಿಯೇ ಇರುತ್ತದೆ. ಒಬ್ಬ ರೋಗಿಯ ಹಾಸಿಗೆಗೆ ತಾಗಿದ್ದು ಇನ್ನೊಬ್ಬರ ಗಾಯಕ್ಕೆ ತಾಗುತ್ತದೆ. ತೋಳಿಗೆ, ಮೊಣಕೈಯಿಂದ ಮೇಲೆ ಕಟ್ಟಿಕೊಳ್ಳಿ. ನಂಬಿಕೆಯೂ ಉಳಿಯುತ್ತದೆ, ಕೈಯೂ ಖಾಲಿಯಾಗುತ್ತದೆ.

ಉಗುರಿನ ತುದಿ ಅರ್ಧ ಸೆಂಟಿಮೀಟರ್‌ಗಿಂತ ಕಡಿಮೆ ಇರಲಿ. ಅಂಟಿಸಿದ ಕೃತಕ ಉಗುರು ಬೇಡವೇ ಬೇಡ. ಪೂರ್ತಿ ತೋಳಿನ ಕೋಟು ಅಥವಾ ಸ್ವೆಟರ್ ಹಾಕಿದ್ದರೆ ಮೊಣಕೈವರೆಗೆ ಮಡಚಿ. ಕೈಯಲ್ಲಿ ಗಾಯವಿದ್ದರೆ ನೀರು ಹೋಗದ ಪಟ್ಟಿ ಅಂಟಿಸಿ. ಗಾಯದಲ್ಲಿ ಕೀವು ಇದ್ದರೆ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಿ. ಅಂಥ ಕೈಯಲ್ಲಿ ರೋಗಿಯನ್ನು ಮುಟ್ಟುವುದು ಸರಿಯಲ್ಲ.

## ಹಂತ 2: ಸಾಮಾನು ಮತ್ತು ಅದರ ಜಾಗ

ಬೇಕಾದದ್ದು ಹೆಚ್ಚೇನಿಲ್ಲ. ಹರಿಯುವ ನೀರು, ಸೋಪು, ಒಮ್ಮೆ ಬಳಸಿ ಬಿಡುವ ಟವೆಲ್, ಆಲ್ಕೋಹಾಲ್ ಇರುವ ಹ್ಯಾಂಡ್‌ರಬ್, ಕಾಲಲ್ಲಿ ಒತ್ತಿ ತೆರೆಯುವ ಕಸದ ಬುಟ್ಟಿ. ಇಷ್ಟೂ ಇದ್ದ ವಾರ್ಡ್‌ಗಳಲ್ಲೂ ತಪ್ಪು ನಡೆಯುತ್ತದೆ. ಯಾಕೆಂದರೆ ಸಾಮಾನು ಇರುವ ಜಾಗ ತಪ್ಪು.

ಹ್ಯಾಂಡ್‌ರಬ್. ಬಾಗಿಲ ಹತ್ತಿರ ಒಂದೇ ಬಾಟಲಿ ಇಟ್ಟರೆ ಎಲ್ಲರೂ ಬಾಗಿಲಲ್ಲೇ ಹಚ್ಚಿಕೊಳ್ಳುತ್ತಾರೆ. ಅಲ್ಲಿಂದ ಹಾಸಿಗೆಯವರೆಗೆ ಹತ್ತು ವಸ್ತು ಮುಟ್ಟುತ್ತಾರೆ. ಬಾಟಲಿ ಇರಬೇಕಾದದ್ದು ಹಾಸಿಗೆಯ ಹತ್ತಿರ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ. ಮಂಚದ ಕಾಲಿನ ಕಡೆಯ ಕಂಬಿಗೆ ಸಿಕ್ಕಿಸುವ ತಂತಿಯ ಹಿಡಿ ಸಿಗುತ್ತದೆ. ಇಂಜೆಕ್ಷನ್ ಟ್ರಾಲಿಯ ಮೇಲೂ ಒಂದಿರಲಿ. ಮಕ್ಕಳ ವಾರ್ಡ್, ಮನೋರೋಗ ವಾರ್ಡ್, ಮದ್ಯವ್ಯಸನ ಬಿಡಿಸುವ ವಾರ್ಡ್‌ಗಳಲ್ಲಿ ಮಾತ್ರ ಹಾಸಿಗೆ ಹತ್ತಿರ ಬಾಟಲಿ ಬಿಡಬೇಡಿ. ಕುಡಿದುಬಿಡುವ ಅಪಾಯವಿದೆ. ಅಲ್ಲಿ ಸಿಬ್ಬಂದಿಯ ಜೇಬಿನಲ್ಲೇ ಸಣ್ಣ ಬಾಟಲಿ ಇರಲಿ.

ಕೊಳ್ಳುವಾಗ ಲೇಬಲ್‌ನಲ್ಲಿ ಆಲ್ಕೋಹಾಲ್ ಪ್ರಮಾಣ ಓದಿ. ಕನಿಷ್ಠ 60% ಇರಬೇಕು. ಪರಿಮಳ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ ಎಂದು ತರಬೇಡಿ. ಆಸ್ಪತ್ರೆಯಲ್ಲೇ ತಯಾರಿಸುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇದೆ. 10 ಲೀಟರ್‌ಗೆ 96% ಎಥನಾಲ್ 8333 ಮಿಲಿ ಲೀಟರ್, 3% ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿ ಲೀಟರ್, 98% ಗ್ಲಿಸರಾಲ್ 145 ಮಿಲಿ ಲೀಟರ್. ಉಳಿದದ್ದು ಡಿಸ್ಟಿಲ್ಡ್ ವಾಟರ್ ಅಥವಾ ಕುದಿಸಿ ಆರಿಸಿದ ನೀರು. ಬೆರೆಸಿ ಬಾಟಲಿಗೆ ತುಂಬಿದ ಮೇಲೆ 72 ಗಂಟೆ ಬಳಸದೆ ಇಡಬೇಕು. ಇದು ಫಾರ್ಮಸಿಯವರ ಕೆಲಸ, ವಾರ್ಡ್‌ನಲ್ಲಿ ಮಾಡುವಂಥದ್ದಲ್ಲ. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ.

ಸೋಪು. ದ್ರವ ಸೋಪಿನ ಬಾಟಲಿ ಅರ್ಧ ಖಾಲಿಯಾದಾಗ ಮೇಲಿಂದ ತುಂಬಿಸುವ ಅಭ್ಯಾಸ ಎಲ್ಲೆಡೆ ಇದೆ. ಅದರ ಮೇಲೆ ಸ್ವಲ್ಪ ನೀರು ಬೇರೆ! ತಳದಲ್ಲಿ ಉಳಿದ ಹಳೇ ಸೋಪಿನಲ್ಲಿ ಕೀಟಾಣು ಬೆಳೆಯುತ್ತವೆ. ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ, ಆಮೇಲೆ ತುಂಬಿಸಿ. ಸೋಪು ನೀರಾಗಿದ್ದರೆ, ವಾಸನೆ ಬದಲಾಗಿದ್ದರೆ, ಪಂಪಿನ ಬಾಯಲ್ಲಿ ಲೋಳೆ ಕಟ್ಟಿದ್ದರೆ ಬಳಸಬೇಡಿ. ಬಿಲ್ಲೆ ಸೋಪೇ ಇರುವ ಕಡೆ ಸಣ್ಣ ತುಂಡು ಮಾಡಿ, ನೀರು ಸೋರಿಹೋಗುವ ತೂತಿನ ಡಬ್ಬಿಯಲ್ಲಿಡಿ. ನೀರಲ್ಲಿ ನೆನೆಯುತ್ತಾ ಕೂತ ಸೋಪು ಕೈ ಶುಚಿ ಮಾಡುವುದಿಲ್ಲ.

ಸಿಂಕ್. ಹತ್ತು ಹಾಸಿಗೆಗೆ ಕನಿಷ್ಠ ಒಂದು ಸಿಂಕ್ ಬೇಕು. ಅದು ಕೈ ತೊಳೆಯಲಿಕ್ಕೆ ಮಾತ್ರ. ಉಳಿದ ಸಲೈನ್ ಸುರಿಯುವುದು, ಊಟದ ತಟ್ಟೆ ತೊಳೆಯುವುದು, ಮೂತ್ರದ ಚೀಲ ಬಗ್ಗಿಸುವುದು ಅಲ್ಲಿ ಬೇಡ. ಸಿಂಕಿನ ಪೈಪಿನೊಳಗೆ ಕೀಟಾಣು ಮನೆ ಮಾಡುತ್ತವೆ. ನಲ್ಲಿ ಬಿಟ್ಟಾಗ ಹನಿಯ ಜೊತೆ ಮೇಲೆ ಸಿಡಿಯುತ್ತವೆ. ಇಂಜೆಕ್ಷನ್ ತಯಾರಿಸುವ ಟ್ರೇಯನ್ನು ಸಿಂಕಿನ ಪಕ್ಕ ಇಡಬಾರದು ಅನ್ನುವುದೂ ಇದಕ್ಕೇ.

ಟವೆಲ್. ಸಿಂಕಿನ ಪಕ್ಕ ಮೊಳೆಗೆ ನೇತುಹಾಕಿದ ಒಂದು ಟವೆಲ್, ಬೆಳಗಿನಿಂದ ಸಂಜೆವರೆಗೆ ಎಲ್ಲರ ಕೈಗೂ ಅದೇ. ಒಳ್ಳೆಯ ಸೋಪಿನಲ್ಲಿ ಒಂದು ನಿಮಿಷ ತೊಳೆದ ಕೈಯನ್ನು ಆ ಟವೆಲ್‌ಗೆ ಒರೆಸಿದ ಕೂಡಲೇ ತೊಳೆದದ್ದೆಲ್ಲ ಹೋಯಿತು. ಕೈ ಕೊನೆಗೆ ಮುಟ್ಟಿದ್ದು ಏನು? ಆ ಟವೆಲ್. ಪೇಪರ್ ಟವೆಲ್‌ಗೆ ದುಡ್ಡಿಲ್ಲ ಅಂದರೆ ಹಳೇ ಬೆಡ್‌ಶೀಟನ್ನು ಕರ್ಚೀಫಿನಷ್ಟು ತುಂಡು ಮಾಡಿಸಿ. ಒಗೆಸಿ, ಆಟೋಕ್ಲೇವ್ ಮಾಡಿಸಿ (ಒತ್ತಡದ ಹಬೆಯಲ್ಲಿ ಕೀಟಾಣು ಕೊಲ್ಲುವುದು), ಒಂದು ಡಬ್ಬಿಯಲ್ಲಿ ಶುಚಿಯಾದದ್ದು, ಇನ್ನೊಂದು ಬುಟ್ಟಿಗೆ ಬಳಸಿದ್ದು. ಹೆಚ್ಚಿನ ಖರ್ಚಿಲ್ಲದೆ ನಡೆಯುವ ವ್ಯವಸ್ಥೆ ಇದು.

## ಹಂತ 3: ಸೋಪೋ, ಹ್ಯಾಂಡ್‌ರಬ್ಬೋ?

ಕೈ ಮೇಲೆ ಕೊಳೆ ಕಣ್ಣಿಗೆ ಕಾಣದಿದ್ದರೆ ಹ್ಯಾಂಡ್‌ರಬ್. ಬೇಗ ಮುಗಿಯುತ್ತದೆ, ಕೀಟಾಣು ಚೆನ್ನಾಗಿ ಸಾಯುತ್ತವೆ, ಚರ್ಮಕ್ಕೂ ಸೋಪಿಗಿಂತ ಹಿತ.

ಸೋಪು ಮತ್ತು ನೀರೇ ಬೇಕಾದ ಸಂದರ್ಭಗಳು ಇವು:

- ರಕ್ತ, ಮಲ, ಮೂತ್ರ, ಕಫ, ಯಾವುದೇ ಕೊಳೆ ಕೈಗೆ ಕಾಣುವಂತೆ ಹತ್ತಿದಾಗ
- ಶೌಚಾಲಯಕ್ಕೆ ಹೋಗಿ ಬಂದ ಮೇಲೆ
- ಭೇದಿ ಇರುವ ರೋಗಿಯನ್ನು ನೋಡಿಕೊಂಡ ಮೇಲೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ನೀರಿನಲ್ಲಿ ಅವು ತೊಳೆದು ಹೋಗಬೇಕು

ಎರಡನ್ನೂ ಒಂದರ ಹಿಂದೆ ಒಂದು ಮಾಡಿದರೆ ಡಬಲ್ ಶುಚಿ ಎಂದು ಕೆಲವರು ತಿಳಿದಿದ್ದಾರೆ. ಬೇಡ. ಚರ್ಮ ಒಡೆಯುತ್ತದೆ, ಅಷ್ಟೇ. ಇನ್ನು ಕೆಲವೆಡೆ ಬೇಸಿನ್‌ನಲ್ಲಿ ಆ್ಯಂಟಿಸೆಪ್ಟಿಕ್ ಬೆರೆಸಿದ ನೀರಿಟ್ಟು ಎಲ್ಲರೂ ಅದರಲ್ಲೇ ಕೈ ಅದ್ದುವುದು ಈಗಲೂ ಇದೆ. ಮೊದಲ ಕೈ ಅದ್ದಿದ ಕ್ಷಣದಿಂದ ಆ ನೀರು ಎಲ್ಲರ ಕೈ ಕೊಳೆಯ ನೀರು. ಇವತ್ತೇ ಚೆಲ್ಲಿಬಿಡಿ.

## ಹಂತ 4: ಉಜ್ಜುವ ಕ್ರಮ

ಹ್ಯಾಂಡ್‌ರಬ್ ಆದರೆ ಒಣಗಿದ ಕೈಗೆ ಅಂಗೈ ಗುಂಡಿ ತುಂಬುವಷ್ಟು ಹಾಕಿಕೊಳ್ಳಿ. ಸುಮಾರು 3 ಮಿಲಿ ಲೀಟರ್. ಪಂಪ್ ಸಣ್ಣದಿದ್ದರೆ ಎರಡು ಸಲ ಒತ್ತಿ. ಒದ್ದೆ ಕೈಗೆ ಹಾಕಿದರೆ ಆಲ್ಕೋಹಾಲ್ ತೆಳುವಾಗುತ್ತದೆ. ಸೋಪಾದರೆ ಮೊದಲು ನೀರು, ಆಮೇಲೆ ಸೋಪು. ನೀರು ತಣ್ಣಗೋ ಉಗುರುಬೆಚ್ಚಗೋ ಇರಲಿ. ಬಿಸಿನೀರಿನಿಂದ ಹೆಚ್ಚಿನ ಲಾಭವಿಲ್ಲ, ಚರ್ಮ ಮಾತ್ರ ಹಾಳು.

ಮುಂದಿನ ಕ್ರಮ ಎರಡಕ್ಕೂ ಒಂದೇ:

1. ಅಂಗೈಗೆ ಅಂಗೈ.
2. ಬಲ ಅಂಗೈ ಎಡಗೈಯ ಹಿಂಭಾಗದ ಮೇಲೆ, ಬೆರಳ ಸಂದುಗಳಲ್ಲಿ ಬೆರಳು ಹೋಗುವಂತೆ. ಕೈ ಬದಲಿಸಿ ಮತ್ತೆ.
3. ಅಂಗೈಗೆ ಅಂಗೈ ಸೇರಿಸಿ, ಬೆರಳು ಹೆಣೆದು ಸಂದುಗಳನ್ನು ಉಜ್ಜಿ.
4. ಬೆರಳು ಮಡಚಿ ಕೊಕ್ಕೆಯಂತೆ ಹಿಡಿದು, ಬೆರಳ ಹಿಂಭಾಗ ಮತ್ತು ಗೆಣ್ಣುಗಳನ್ನು ಎದುರಿನ ಅಂಗೈಗೆ ಉಜ್ಜಿ.
5. ಎಡ ಹೆಬ್ಬೆರಳನ್ನು ಬಲ ಮುಷ್ಟಿಯಲ್ಲಿ ಹಿಡಿದು ಸುತ್ತಿಸಿ. ಕೈ ಬದಲಿಸಿ.
6. ಬೆರಳ ತುದಿಗಳನ್ನೆಲ್ಲ ಒಟ್ಟು ಮಾಡಿ, ಎದುರಿನ ಅಂಗೈಯಲ್ಲಿ ಹಿಂದೆ ಮುಂದೆ ತಿರುಗಿಸಿ. ಕೈ ಬದಲಿಸಿ.
7. ಕೊನೆಗೆ ಎರಡೂ ಮಣಿಕಟ್ಟು.

ಹ್ಯಾಂಡ್‌ರಬ್‌ಗೆ ಒಟ್ಟು 20ರಿಂದ 30 ಸೆಕೆಂಡು. ಸೋಪಿನಿಂದ ಶುರುಮಾಡಿ ಒರೆಸುವವರೆಗೆ 40ರಿಂದ 60 ಸೆಕೆಂಡು.

ಈ ಏಳರಲ್ಲಿ ಬಿಟ್ಟುಹೋಗುವುದು 5 ಮತ್ತು 6. ತರಬೇತಿಯಲ್ಲಿ ಹೊಳೆಯುವ ಬಣ್ಣ ಬೆರೆಸಿದ ಹ್ಯಾಂಡ್‌ರಬ್ ಹಚ್ಚಿಸಿ, ಕತ್ತಲೆಯಲ್ಲಿ ನೀಲಿ ದೀಪದ ಕೆಳಗೆ ಕೈ ಇಡಿಸುತ್ತೇವೆ. ಅಂಗೈ ಫಳಫಳ ಹೊಳೆಯುತ್ತದೆ. ಹೆಬ್ಬೆರಳು ಮತ್ತು ಉಗುರಿನ ತುದಿ ಕಪ್ಪಗೆ ಉಳಿದಿರುತ್ತವೆ. ಯೋಚಿಸಿ ನೋಡಿ, ರೋಗಿಯನ್ನು ನಾವು ಮುಟ್ಟುವುದು ಅಂಗೈಯಿಂದ ಅಲ್ಲ, ಬೆರಳ ತುದಿಯಿಂದಲೇ ಅಲ್ವಾ? ನಾಡಿ ನೋಡುವುದು, ಸೂಜಿ ಹಿಡಿಯುವುದು, ಗಾಯದ ಪಟ್ಟಿ ತೆಗೆಯುವುದು, ಎಲ್ಲ ಹೆಬ್ಬೆರಳು ಮತ್ತು ಬೆರಳ ತುದಿಯ ಕೆಲಸ. ಆತುರ ಇದ್ದರೆ ನನ್ನ ಸಲಹೆ: ಬೆರಳ ತುದಿ ಮತ್ತು ಹೆಬ್ಬೆರಳಿನಿಂದಲೇ ಶುರು ಮಾಡಿ. ಅಂಗೈ ಹೇಗೂ ಉಜ್ಜಿಯೇ ಉಜ್ಜುತ್ತೀರಿ.

ಎಚ್ಚರಿಕೆಯ ಗುರುತು: ಹತ್ತು ಹದಿನೈದು ಸೆಕೆಂಡಿನಲ್ಲೇ ಕೈ ಒಣಗಿತೆಂದರೆ ಹ್ಯಾಂಡ್‌ರಬ್ ಕಡಿಮೆ ಹಾಕಿಕೊಂಡಿದ್ದೀರಿ. ಇನ್ನೊಂದು ತಪ್ಪು, ಒಣಗುವ ಮುಂಚೆ ಬಟ್ಟೆಗೆ ಒರೆಸಿಕೊಳ್ಳುವುದು ಅಥವಾ ಕೈ ಜಾಡಿಸುವುದು. ಒಣಗುವವರೆಗೂ ಉಜ್ಜುತ್ತಲೇ ಇರಿ, ಕೆಲಸ ನಡೆಯುವುದು ಆಗಲೇ. ಒದ್ದೆ ಕೈಯಲ್ಲಿ ಗ್ಲೌಸ್ ಹಾಕಬೇಡಿ, ಬೆಂಕಿ ಬರುವ ಯಾವ ಉಪಕರಣವನ್ನೂ ಮುಟ್ಟಬೇಡಿ.

ಸೋಪಿನಲ್ಲಿ ತೊಳೆದ ಮೇಲೆ ನಲ್ಲಿಯನ್ನು ಬರಿಗೈಯಲ್ಲಿ ಮುಚ್ಚಬೇಡಿ. ಕೊಳೆ ಕೈಯಲ್ಲೇ ತೆರೆದ ನಲ್ಲಿ ಅದು. ಕೈ ಒರೆಸಿದ ಟವೆಲ್ ಹಿಡಿದು ಮುಚ್ಚಿ, ಮೊಣಕೈ ನಲ್ಲಿಯಾದರೆ ಮೊಣಕೈಯಿಂದ.

## ಹಂತ 5: ಐದು ಸಂದರ್ಭ

ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಐದು ಸಂದರ್ಭಗಳು ಇವು. ಎರಡು ಮುಂಚೆ, ಮೂರು ಆಮೇಲೆ.

1. ರೋಗಿಯನ್ನು ಮುಟ್ಟುವ ಮುಂಚೆ
2. ಶುಚಿಯಾದ ಕೆಲಸಕ್ಕೆ ಕೈ ಹಾಕುವ ಮುಂಚೆ. ಇಂಜೆಕ್ಷನ್, ಕ್ಯಾನುಲಾ, ಗಾಯದ ಡ್ರೆಸಿಂಗ್, ಕ್ಯಾಥೆಟರ್ (ಮೂತ್ರದ ಕೊಳವೆ), ಕಣ್ಣಿಗೆ ಔಷಧ
3. ರಕ್ತ, ಮೂತ್ರ, ಕಫದಂಥ ದ್ರವ ತಾಗಿದ, ಅಥವಾ ತಾಗಿರಬಹುದಾದ ಕೆಲಸದ ಆಮೇಲೆ
4. ರೋಗಿಯನ್ನು ಮುಟ್ಟಿದ ಮೇಲೆ
5. ರೋಗಿಯನ್ನು ಮುಟ್ಟದೆ, ಸುತ್ತಲಿನ ವಸ್ತು ಮಾತ್ರ ಮುಟ್ಟಿದ ಮೇಲೆ

ಇದು ಅರ್ಥವಾಗಬೇಕಾದರೆ ರೋಗಿಯ ಸುತ್ತ ಒಂದು ಗೆರೆ ಎಳೆದುಕೊಳ್ಳಿ. ಮಂಚ, ಕಂಬಿ, ಲಾಕರ್, ಡ್ರಿಪ್ ಸ್ಟ್ಯಾಂಡ್, ಅವರಿಗೆ ಕಟ್ಟಿದ ಬಿಪಿ ಪಟ್ಟಿ, ಇವೆಲ್ಲ ಗೆರೆಯ ಒಳಗೆ. ಅಲ್ಲಿರುವುದು ಆ ರೋಗಿಯ ಕೀಟಾಣು. ಕೇಸ್ ಶೀಟ್, ಫೋನ್, ಪರದೆ, ಬಾಗಿಲು, ಟ್ರಾಲಿ, ಕಂಪ್ಯೂಟರ್ ಗೆರೆಯ ಹೊರಗೆ. ಅಲ್ಲಿರುವುದು ಎಲ್ಲರ ಕೀಟಾಣು. ಗೆರೆ ದಾಟಿ ಒಳಗೆ ಮುಟ್ಟುವ ಮುಂಚೆ ಒಮ್ಮೆ, ದಾಟಿ ಹೊರಗೆ ಬಂದ ಮೇಲೆ ಒಮ್ಮೆ. ಗೆರೆಯ ಒಳಗೇ ಇದ್ದರೂ ಶುಚಿಯಾದ ಕೆಲಸಕ್ಕೆ ಮುಂಚೆ ಒಮ್ಮೆ, ಕೊಳೆ ಕೆಲಸದ ಆಮೇಲೆ ಒಮ್ಮೆ.

ಸಾಮಾನ್ಯವಾಗಿ 4ನೆಯದನ್ನು ಎಲ್ಲರೂ ಮಾಡುತ್ತಾರೆ. ತಮ್ಮ ರಕ್ಷಣೆಯ ಪ್ರಶ್ನೆ ಅದು. ಬಿಟ್ಟುಹೋಗುವುದು 1, 2 ಮತ್ತು 5. ಮೊದಲ ಎರಡು ಪೂರ್ತಿಯಾಗಿ ರೋಗಿಯ ರಕ್ಷಣೆಗೆ ಇರುವಂಥವು. ನನಗೆ ನೋವಾಗುವುದು ಇದೇ ವಿಷಯಕ್ಕೆ.

"ಸಿಸ್ಟರ್, 30 ಬೆಡ್‌ಗೆ ಬಿಪಿ ನೋಡ್ಬೇಕು. ಪ್ರತಿಯೊಬ್ರಿಗೂ ಎರಡೆರಡು ಸಲ ಹಚ್ಕೊಂಡ್ರೆ 60 ಸಲ ಆಗುತ್ತಲ್ಲ?" ಎಂದು ಪ್ರತಿ ತರಬೇತಿಯಲ್ಲೂ ಯಾರಾದರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ: 60 ಅಲ್ಲ, 31. ಒಬ್ಬ ರೋಗಿಯಿಂದ ನೇರವಾಗಿ ಮುಂದಿನ ರೋಗಿಗೆ ಹೋಗುವಾಗ ನಡುವೆ ಉಜ್ಜಿದ ಒಂದೇ ಸಲ ಹಿಂದಿನವರ 4ಕ್ಕೂ ಮುಂದಿನವರ 1ಕ್ಕೂ ಲೆಕ್ಕವಾಗುತ್ತದೆ. ನಡುವೆ ಬೇರೆ ಏನನ್ನೂ ಮುಟ್ಟಿರಬಾರದು, ಅಷ್ಟೇ. 31 ಸಲಕ್ಕೆ ಒಟ್ಟು 10ರಿಂದ 15 ನಿಮಿಷ. ಬಿಪಿ ಬರೆದುಕೊಳ್ಳುವ ಪೆನ್ನು, ಹಾಳೆ ನಡುವೆ ಬರುತ್ತದಲ್ಲ? ಇನ್ನೊಬ್ಬರು ಬರೆದುಕೊಂಡರೆ ಒಳ್ಳೆಯದು. ಒಬ್ಬರೇ ಇದ್ದರೆ ಮೊದಲು ಬರೆಯಿರಿ, ಆಮೇಲೆ ಉಜ್ಜಿ, ಆಮೇಲೆ ಮುಂದಿನ ರೋಗಿ. ಉಜ್ಜಿ ಆಮೇಲೆ ಬರೆಯುವುದು ಉಲ್ಟಾ ಕ್ರಮ.

ಒಬ್ಬರೇ ರೋಗಿಗೆ ಎರಡು ಕೆಲಸ ಇದ್ದಾಗಲೂ ಕ್ರಮ ನೋಡಿ. ಮೊದಲು ಗಾಯದ ಡ್ರೆಸಿಂಗ್, ಆಮೇಲೆ ಮೂತ್ರದ ಚೀಲ. ಶುಚಿ ಕೆಲಸ ಮುಂದೆ, ಕೊಳೆ ಕೆಲಸ ಹಿಂದೆ. "ಅವರದೇ ಮೂತ್ರ, ಅವರದೇ ಗಾಯ, ಏನಾಗುತ್ತೆ?" ಅನ್ನಬೇಡಿ. ಮೂತ್ರದಲ್ಲಿರುವ ಕ್ಲೆಬ್ಸಿಯೆಲ್ಲಾ, ಇ. ಕೋಲಿಯಂಥ ಬ್ಯಾಕ್ಟೀರಿಯಾ ಗಾಯಕ್ಕೆ ಹೋದರೆ ಅದು ಹೊಸ ಸೋಂಕೇ.

## ಹಂತ 6: ಒಂದು ಕೆಲಸವನ್ನು ಪೂರ್ತಿ ನೋಡೋಣ: ಕ್ಯಾನುಲಾ ಹಾಕುವುದು

ಮೇಲಿನದೆಲ್ಲ ಓದಿದಾಗ ಸರಿ ಅನಿಸುತ್ತದೆ. ಕೆಲಸಕ್ಕೆ ಇಳಿದಾಗ ಕಲಸಿಹೋಗುತ್ತದೆ. ಹಾಗಾಗಿ ಒಂದು ಕೆಲಸವನ್ನು ಮೊದಲಿನಿಂದ ಕೊನೆವರೆಗೆ ಮಾಡೋಣ.

1. ಟ್ರೇ ಜೋಡಿಸಿ. ಕ್ಯಾನುಲಾ, ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ), ಪ್ಯಾಕೆಟ್‌ನಲ್ಲಿರುವ ಸ್ಪಿರಿಟ್ ಸ್ವ್ಯಾಬ್, ಡ್ರೆಸಿಂಗ್, ಸಲೈನ್ ತುಂಬಿದ ಸಿರಿಂಜ್, ಗ್ಲೌಸ್, ಸೂಜಿ ಹಾಕುವ ಬಿಳಿ ಡಬ್ಬಿ. ಡ್ರೆಸಿಂಗ್‌ಗೆ ಅಂಟಿಸುವ ಚೀಟಿ ಮೇಲೆ ತಾರೀಖು, ಗಂಟೆ ಈಗಲೇ ಬರೆದುಬಿಡಿ. ಆಮೇಲೆ ಪೆನ್ನು ಹುಡುಕುವ ಕೆಲಸ ಉಳಿಯುವುದಿಲ್ಲ.

2. ಸುತ್ತಲಿನದನ್ನು ಸರಿ ಮಾಡಿ. ಪರದೆ ಎಳೆಯಿರಿ, ದೀಪ ಹಾಕಿ, ಸ್ಟೂಲ್ ಎಳೆದುಕೊಳ್ಳಿ, ಮಾಸ್ಕ್ ಮತ್ತು ಕನ್ನಡಕ ಸರಿಮಾಡಿಕೊಳ್ಳಿ. ಫೋನ್ ಸೈಲೆಂಟ್ ಮಾಡಿ. ಇನ್ನು ಮುಂದೆ ಇವನ್ನು ಮುಟ್ಟುವಂತಿಲ್ಲ.

3. ಮೊದಲ ಸಲ ಹ್ಯಾಂಡ್‌ರಬ್. ಈಗ ರೋಗಿಯನ್ನು ಮುಟ್ಟಬಹುದು. ಹೆಸರು ಕೇಳಿ ಖಚಿತ ಮಾಡಿಕೊಳ್ಳಿ, ಏನು ಮಾಡುತ್ತೀರಿ ಎಂದು ಹೇಳಿ. ಟೂರ್ನಿಕೆಟ್ ಕಟ್ಟಿ ನರ ಹುಡುಕಿ, ಸಿಕ್ಕಿದ ಮೇಲೆ ಸಡಿಲಿಸಿ.

4. ಎರಡನೇ ಸಲ ಹ್ಯಾಂಡ್‌ರಬ್. ಎಲ್ಲರೂ ಬಿಡುವ ಜಾಗ ಇದು. "ಈಗ ತಾನೇ ಹಚ್ಕೊಂಡೆನಲ್ಲ" ಅನಿಸುತ್ತದೆ. ಆದರೆ ಈ ನಡುವೆ ರೋಗಿಯ ತೋಳು, ಹೊದಿಕೆ, ಟೂರ್ನಿಕೆಟ್ ಮುಟ್ಟಿದ್ದೀರಿ. ಆ ಕೈ ಈಗ ರಕ್ತನಾಳದ ಬಾಗಿಲಿಗೆ ಹೋಗುತ್ತಿದೆ.

5. ಗ್ಲೌಸ್ ಹಾಕಿ. ಟೂರ್ನಿಕೆಟ್ ಮತ್ತೆ ಬಿಗಿಯಬೇಕಿದ್ದರೆ ಈಗಲೇ ಬಿಗಿಯಿರಿ. ಆಮೇಲೆ ಚರ್ಮವನ್ನು ಸ್ವ್ಯಾಬ್‌ನಿಂದ ಚೆನ್ನಾಗಿ ಉಜ್ಜಿ, ತಾನಾಗಿ ಒಣಗಲು ಬಿಡಿ. ಊದಬೇಡಿ, ಬೀಸಬೇಡಿ. ಒಣಗಿದ ಮೇಲೆ ನರ ಎಲ್ಲಿ ಅಂತ ಬೆರಳಿಟ್ಟು ಮತ್ತೆ ಒತ್ತಿ ನೋಡಬೇಡಿ. ಒತ್ತಿದರೆ ಮತ್ತೆ ಶುಚಿ ಮಾಡಬೇಕು.

6. ಕ್ಯಾನುಲಾ ಹಾಕಿ, ಡ್ರೆಸಿಂಗ್ ಅಂಟಿಸಿ, ಚೀಟಿ ಹಚ್ಚಿ. ಸೂಜಿ ನೇರ ಬಿಳಿ ಡಬ್ಬಿಗೆ.

7. ಗ್ಲೌಸ್ ತೆಗೆದು ಕೆಂಪು ಚೀಲಕ್ಕೆ ಹಾಕಿ. ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ.

8. ಮೂರನೇ ಸಲ ಹ್ಯಾಂಡ್‌ರಬ್. ಕೈಗೆ ರಕ್ತ ಕಂಡರೆ ಸೋಪು, ನೀರು. ಆಮೇಲಷ್ಟೇ ಪರದೆ, ಟ್ರಾಲಿ, ಕೇಸ್ ಶೀಟ್.

ಒಂದು ಕ್ಯಾನುಲಾಗೆ ಮೂರು ಸಲ. ಒಂದೂವರೆ ನಿಮಿಷದ ಕೆಲಸ.

ಈ ಕೆಲಸದಲ್ಲೇ ಎರಡು ಹಳೇ ಅಭ್ಯಾಸಗಳು ಎಲ್ಲವನ್ನೂ ಕೆಡಿಸುತ್ತವೆ. ಒಂದು, ಪ್ಲಾಸ್ಟರ್ ತುಂಡು ಮಾಡಿ ಮಂಚದ ಕಂಬಿಗೆ ಸಾಲಾಗಿ ಅಂಟಿಸಿಟ್ಟು, ಆಮೇಲೆ ಅದನ್ನೇ ಕ್ಯಾನುಲಾ ಮೇಲೆ ಹಚ್ಚುವುದು. ಕಂಬಿಯ ಕೊಳೆಯನ್ನು ನಾವೇ ಒಯ್ದು ಸೂಜಿಯ ತೂತಿನ ಮೇಲೆ ಅಂಟಿಸಿದ ಹಾಗೆ. ತುಂಡುಗಳನ್ನು ಶುಚಿಯಾದ ಟ್ರೇಯ ಅಂಚಿಗೆ ಅಂಟಿಸಿ. ಇನ್ನೊಂದು, ಸ್ಟೀಲ್ ಡಬ್ಬಿಯಲ್ಲಿ ಸ್ಪಿರಿಟ್ ಸುರಿದು ಹತ್ತಿ ಉಂಡೆ ನೆನೆಸಿಡುವುದು. ಎಲ್ಲರ ಬೆರಳೂ ಅದಕ್ಕೆ ಇಳಿಯುತ್ತದೆ, ಸ್ಪಿರಿಟ್ ಆವಿಯಾಗುತ್ತಾ ಹೋಗುತ್ತದೆ. ಪ್ಯಾಕೆಟ್ ಸ್ವ್ಯಾಬ್ ಇಲ್ಲದಿದ್ದರೆ ಒಣ ಹತ್ತಿಗೆ ಆಗಿಂದಾಗ್ಗೆ ಸ್ಪಿರಿಟ್ ಸುರಿದುಕೊಳ್ಳಿ.

## ಹಂತ 7: ಗ್ಲೌಸ್ ಇದ್ದರೂ ಕೈ ಶುಚಿ ಬೇಕು

ಗ್ಲೌಸ್ ಹಾಕಿದ ಕೂಡಲೇ ಧೈರ್ಯ ಬರುತ್ತದೆ. ಅದೇ ಗ್ಲೌಸ್‌ನಲ್ಲಿ ಫೋನ್, ಫೈಲ್, ಬಾಗಿಲು, ಮುಂದಿನ ರೋಗಿ. ಗ್ಲೌಸ್ ಹಾಕಿದವರಿಗೆ ತಮ್ಮ ಕೈಗೆ ಏನೂ ಹತ್ತಿಲ್ಲ ಅನಿಸುತ್ತದೆ. ವಾರ್ಡ್‌ಗೆ ಮಾತ್ರ ಎಲ್ಲ ಕಡೆ ಹತ್ತಿರುತ್ತದೆ.

ಒಬ್ಬ ರೋಗಿಗೆ ಒಂದು ಜೊತೆ. ಒಬ್ಬರಲ್ಲೇ ಕೊಳೆ ಕೆಲಸದಿಂದ ಶುಚಿ ಕೆಲಸಕ್ಕೆ ಹೋಗುವಾಗಲೂ ಹೊಸ ಜೊತೆ. ಗ್ಲೌಸ್ ಮೇಲೆ ಹ್ಯಾಂಡ್‌ರಬ್ ಹಚ್ಚುವುದು, ಗ್ಲೌಸ್ ತೊಳೆದು ಮತ್ತೆ ಬಳಸುವುದು ಎರಡೂ ಬೇಡ. ಕಣ್ಣಿಗೆ ಕಾಣದ ತೂತುಗಳಿರುತ್ತವೆ. ತೆಗೆಯುವಾಗಲೂ ಕೈಗೆ ಕೊಳೆ ತಾಗುತ್ತದೆ. ಹಾಗಾಗಿ ತೆಗೆದ ಕೂಡಲೇ ಉಜ್ಜುವುದು ಖಂಡಿತ.

ತೆಗೆಯುವ ಕ್ರಮ: ಒಂದು ಗ್ಲೌಸಿನ ಹೊರಭಾಗವನ್ನು ಮಣಿಕಟ್ಟಿನ ಹತ್ತಿರ ಚಿವುಟಿ ಹಿಡಿದು ಒಳಮೈ ಹೊರಗೆ ಬರುವಂತೆ ಎಳೆಯಿರಿ. ಅದನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಬರಿ ಬೆರಳನ್ನು ಉಳಿದ ಗ್ಲೌಸಿನ ಒಳಗೆ ತೂರಿಸಿ, ಮೊದಲನೆಯದು ಒಳಗೇ ಉಳಿಯುವಂತೆ ಮಗುಚಿ ತೆಗೆಯಿರಿ. ಪೌಡರ್ ಇರುವ ಗ್ಲೌಸ್ ತೆಗೆದ ಮೇಲೆ ಹ್ಯಾಂಡ್‌ರಬ್ ಹಚ್ಚಿದರೆ ಮರಳಿನಂತೆ ಗೊರಗೊರ ಅನ್ನುತ್ತದೆ. ಅದಕ್ಕೇ ಹಲವರು ಹ್ಯಾಂಡ್‌ರಬ್ ಬಿಟ್ಟುಬಿಡುತ್ತಾರೆ. ಪೌಡರ್ ಇಲ್ಲದ್ದನ್ನು ತರಿಸಿ.

## ಹಂತ 8: ನಲ್ಲಿಯಲ್ಲಿ ನೀರಿಲ್ಲದ ದಿನ

ಬೇಸಿಗೆಯಲ್ಲಿ ಇದು ಹಲವು ಕಡೆ ಇರುವ ಪಾಡು. ತಳದಲ್ಲಿ ನಲ್ಲಿ ಇರುವ, ಮುಚ್ಚಳದ ಡ್ರಮ್ ಒಂದನ್ನು ಸ್ಟ್ಯಾಂಡಿನ ಮೇಲಿಡಿ, ಕೆಳಗೆ ಬಕೆಟ್. ಡ್ರಮ್ ಇಲ್ಲದಿದ್ದರೆ ಒಬ್ಬರು ಮಗ್ಗಿನಿಂದ ಸುರಿಯಲಿ, ಇನ್ನೊಬ್ಬರು ತೊಳೆಯಲಿ. ಬಕೆಟಿನೊಳಗೆ ಕೈ ಹಾಕಬಾರದು. ಡ್ರಮ್ಮನ್ನು ದಿನಾ ಖಾಲಿ ಮಾಡಿ ತಿಕ್ಕಿ ತೊಳೆಯಿರಿ. ಕೊಳೆ ಕಾಣದ ಎಲ್ಲ ಸಂದರ್ಭಕ್ಕೂ ಹ್ಯಾಂಡ್‌ರಬ್ ಬಳಸಿದರೆ ನೀರೂ ಉಳಿಯುತ್ತದೆ.

## ಹಂತ 9: ಚರ್ಮ ಒಡೆದರೆ

ಹ್ಯಾಂಡ್‌ರಬ್ ಹಚ್ಚಿದ ಕೂಡಲೇ ಉರಿ ಬಂದರೆ ಔಷಧ ಕೆಟ್ಟದ್ದು ಅಂತಲ್ಲ. ಚರ್ಮದಲ್ಲಿ ಈಗಾಗಲೇ ಬಿರುಕಿದೆ ಎಂದು ಅರ್ಥ. ಹಾಗೆ ಉರಿಯಾದವರು ಹ್ಯಾಂಡ್‌ರಬ್ ಬಿಟ್ಟು ಸೋಪಿಗೆ ಹೋಗುತ್ತಾರೆ, ಸೋಪಿನಿಂದ ಚರ್ಮ ಇನ್ನೂ ಒಣಗುತ್ತದೆ, ಉರಿ ಜಾಸ್ತಿಯಾಗುತ್ತದೆ. ಕೊನೆಗೆ ಕೈ ಶುಚಿಯನ್ನೇ ತಪ್ಪಿಸುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಡ್ಯೂಟಿಯ ಬಿಡುವಿನಲ್ಲಿ, ಮಲಗುವ ಮುಂಚೆ ಚರ್ಮ ಮೃದು ಮಾಡುವ ಕ್ರೀಮ್ ಹಚ್ಚಲಿ. ಪೆಟ್ರೋಲಿಯಂ ಜೆಲ್ಲಿಯಂಥ ಎಣ್ಣೆಯಂಶದ್ದು ಹಚ್ಚಿ ಲೇಟೆಕ್ಸ್ ಗ್ಲೌಸ್ ಹಾಕಿದರೆ ಗ್ಲೌಸ್ ಸಡಿಲವಾಗುತ್ತದೆ, ಅದನ್ನು ಮನೆಗೆ ಇಟ್ಟುಕೊಳ್ಳಿ. ಕೆಂಪಗಾಗಿ ತುರಿಕೆ, ನೀರುಗುಳ್ಳೆ ಬಂದರೆ ಚರ್ಮದ ಡಾಕ್ಟರಿಗೆ ತೋರಿಸಿ.

## ಹಂತ 10: ರೋಗಿಯ ಮನೆಯವರು

ನಮ್ಮ ಆಸ್ಪತ್ರೆಗಳಲ್ಲಿ ರೋಗಿಯನ್ನು ಅತಿ ಹೆಚ್ಚು ಸಲ ಮುಟ್ಟುವವರು ನರ್ಸೂ ಅಲ್ಲ, ಡಾಕ್ಟರೂ ಅಲ್ಲ. ಜೊತೆಗಿರುವ ಅಮ್ಮ, ಹೆಂಡತಿ, ಮಗ. ಗಂಜಿ ಕುಡಿಸುವುದು, ಬೆಡ್‌ಪ್ಯಾನ್ ಕೊಡುವುದು, ಮಗ್ಗುಲು ತಿರುಗಿಸುವುದು, ಹಲವು ಕಡೆ ಮೂತ್ರದ ಚೀಲ ಖಾಲಿ ಮಾಡುವುದೂ ಅವರೇ. ಅವರಿಗೆ ಯಾರೂ ಕಲಿಸಿರುವುದಿಲ್ಲ. ಪಕ್ಕದ ಹಾಸಿಗೆಯವರಿಗೂ ಕನಿಕರದಿಂದ ಕೈ ಹಚ್ಚುತ್ತಾರೆ. ಒಳ್ಳೆಯ ಮನಸ್ಸೇ, ಆದರೆ ಸೋಂಕು ಹಾಸಿಗೆಯಿಂದ ಹಾಸಿಗೆಗೆ ಹೋಗುವ ದಾರಿ ಅದು.

ದಾಖಲಾದ ದಿನವೇ ಎರಡು ನಿಮಿಷ ಕೊಡಿ. ಐದು ಸಂದರ್ಭ, ಏಳು ಹಂತ ಹೇಳಬೇಡಿ. ನಾಲ್ಕೇ ಮಾತು ಸಾಕು: "ಅಮ್ಮಾ, ವಾರ್ಡಿನೊಳಗೆ ಬಂದಾಗ, ಊಟ ಮಾಡಿಸೋಕೆ ಮುಂಚೆ, ಬೆಡ್‌ಪ್ಯಾನ್ ಮುಟ್ಟಿದ ಮೇಲೆ, ಮನೆಗೆ ಹೋಗುವಾಗ, ಈ ನಾಲ್ಕು ಸಲ ಕೈ ತೊಳ್ಕೊಳ್ಳಿ. ಡ್ರಿಪ್ ಹಾಕಿರೋ ಜಾಗ ಮಾತ್ರ ಮುಟ್ಬೇಡಿ, ಏನಾದ್ರೂ ಆದ್ರೆ ನಮ್ಮನ್ನ ಕರೀರಿ." ಹೇಳಿದ ಮೇಲೆ ಅವರ ಕೈಯಲ್ಲೇ ಒಮ್ಮೆ ಮಾಡಿಸಿ.

ಇದನ್ನು ಓದುತ್ತಿರುವವರು ರೋಗಿಯ ಕಡೆಯವರಾಗಿದ್ದರೆ, ನೀವೂ ಕೇಳಬಹುದು. "ಸಿಸ್ಟರ್, ಹ್ಯಾಂಡ್‌ರಬ್ ಇಲ್ಲೇ ಇದೆ ನೋಡಿ" ಎಂದು ಬಾಟಲಿ ಹತ್ತಿರ ಸರಿಸಿದರೆ ಸಾಕು, ಯಾರಿಗೂ ಬೇಸರವಾಗುವುದಿಲ್ಲ.

## ಹಂತ 11: ವಾರ್ಡ್‌ನಲ್ಲಿ ಲೆಕ್ಕ ಇಡುವುದು

ಇನ್‌ಚಾರ್ಜ್ ಸಿಸ್ಟರ್‌ಗಳಿಗೆ ಇದು. ಮೊದಲು ಬಾಟಲಿ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಮೌಲ್ಯಮಾಪನ ಪಟ್ಟಿಯಲ್ಲಿ 1000 ರೋಗಿ-ದಿನಕ್ಕೆ (ಒಬ್ಬ ರೋಗಿ ವಾರ್ಡ್‌ನಲ್ಲಿ ಒಂದು ದಿನ ಇದ್ದರೆ ಒಂದು ರೋಗಿ-ದಿನ) ಕನಿಷ್ಠ 20 ಲೀಟರ್ ಹ್ಯಾಂಡ್‌ರಬ್ ಎಂಬ ಅಳತೆ ಇದೆ. 30 ಹಾಸಿಗೆ ತುಂಬಿದ ವಾರ್ಡ್‌ಗೆ 30 ದಿನದಲ್ಲಿ 900 ರೋಗಿ-ದಿನ. ಅಂದರೆ ತಿಂಗಳಿಗೆ 18 ಲೀಟರ್, ಅರ್ಧ ಲೀಟರಿನ 36 ಬಾಟಲಿ. ನಿಮ್ಮ ಇಂಡೆಂಟ್‌ನಲ್ಲಿ (ಸಾಮಾನು ಬೇಡಿಕೆಯ ಪಟ್ಟಿ) ತಿಂಗಳಿಗೆ 6 ಬಾಟಲಿ ಇದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ಆಮೇಲೆ ವಾರಕ್ಕೊಮ್ಮೆ 20 ನಿಮಿಷ ನಿಂತು ನೋಡಿ. ಕೈ ಶುಚಿ ಬೇಕಿದ್ದ ಸಂದರ್ಭ ಎಷ್ಟು, ಮಾಡಿದ್ದು ಎಷ್ಟು, ಬರೆದುಕೊಳ್ಳಿ. ಬೇಕಿದ್ದದ್ದು 20, ಮಾಡಿದ್ದು 9 ಆದರೆ 45%. ಹೆಸರು ಬರೆಯಬೇಡಿ. ಹೆಸರು ಬರೆದರೆ ಎಲ್ಲರೂ ನಿಮ್ಮನ್ನು ಕಂಡಾಗ ಮಾತ್ರ ಉಜ್ಜುತ್ತಾರೆ.

ಹಾಳೆಯಲ್ಲಿ ಇನ್ನೊಂದು ಕಾಲಮ್ ಹೆಚ್ಚಿಗೆ ಹಾಕಿ: ಉಜ್ಜಿದ ಮೇಲೆ, ರೋಗಿಗಿಂತ ಮುಂಚೆ, ಕೈ ಏನನ್ನು ಮುಟ್ಟಿತು? ನಾಲ್ಕು ವಾರದ ಹಾಳೆ ಜೋಡಿಸಿದರೆ ಒಂದೆರಡು ವಸ್ತುಗಳ ಹೆಸರೇ ಮತ್ತೆ ಮತ್ತೆ ಕಾಣುತ್ತದೆ. ಪರದೆ ಅಂತ ಜಾಸ್ತಿ ಬಂದರೆ ಬಾಟಲಿಯನ್ನು ಪರದೆಯ ಒಳಗೆ ತನ್ನಿ. ಫೋನ್ ಅಂತ ಬಂದರೆ ರೌಂಡ್ಸ್ ಮುಗಿಯುವವರೆಗೆ ಫೋನ್‌ಗಳು ನರ್ಸಿಂಗ್ ಸ್ಟೇಷನ್‌ನಲ್ಲಿ ಇರಲಿ. ಕನ್ನಡಕ ಅಂತ ಬಂದರೆ ಆ ಸಿಸ್ಟರ್‌ಗೆ ಒಂದು ದಾರದ ಕನ್ನಡಕ ಕೊಡಿಸಿ. ಎರಡು ವಾರ ಬಿಟ್ಟು ಮತ್ತೆ 20 ನಿಮಿಷ ನಿಂತು ಎಣಿಸಿ.